ಚಂದಮಾಮದ ಧಾರಾವಾಹಿಗಳು ಮತ್ತು ಮನೆಯಲ್ಲಿ ಬೈಂಡಾದ ಪುಸ್ತಕಗಳು

ಹಳೆಯ ಕಾಲದ ಮಕ್ಕಳ ಸಾಹಸ ಪುಸ್ತಕಗಳನ್ನು ಹುಡುಕಿ ಕೂಡಿಡುವ ಹವ್ಯಾಸವು ಇಂಗ್ಲೆಂಡಿನಲ್ಲಿ ದೊಡ್ಡ ವ್ಯವಹಾರವಾಗಿ ಬೆಳೆದಿದೆ. ಎನಿಡ್ ಬ್ಲೈಟನ್ ಎಂಬ ಲೇಖಕಿ 1942ರಿಂದ 1963ರವರೆಗೆ ಬರೆದ 'ಫೇಮಸ್ ಫೈವ್' ಮಾಲೆಯ ಇಪ್ಪತ್ತೊಂದು ಕಾದಂಬರಿಗಳ ಮೊದಲ ಮುದ್ರಣಗಳಿಗಾಗಿ ಅಲ್ಲಿಯ ಜನ ಇಂದಿಗೂ ಹಳೆಯ ಪುಸ್ತಕದಂಗಡಿಗಳನ್ನು ಅಲೆಯುತ್ತಾರೆ. ಅವರ ಕೆಲಸ ಒಂದು ರೀತಿಯಲ್ಲಿ ಸುಲಭವಾದುದು. ಪುಸ್ತಕಕ್ಕೊಂದು ರಟ್ಟು ಇದೆ, ಬೆನ್ನಿನ ಮೇಲೆ ಲೇಖಕಿಯ ಹೆಸರಿದೆ, ಒಳಗೆ ಮುದ್ರಣದ ವರ್ಷವಿದೆ. ನಮ್ಮ ಕಡೆ ಅದೇ ಹವ್ಯಾಸಕ್ಕೆ ಬಿದ್ದವರ ಪಾಡು ಬೇರೆ. ನಮ್ಮ ತಲೆಮಾರಿನ ಕನ್ನಡ ಮಕ್ಕಳು ಉಸಿರು ಬಿಗಿಹಿಡಿದು ಓದಿದ ಸಾಹಸಕಥೆಗಳಲ್ಲಿ ಬಹುಪಾಲು ಪುಸ್ತಕಗಳೇ ಆಗಿರಲಿಲ್ಲ. ತಿಂಗಳಿಗೆ ಕೆಲವೇ ಪುಟಗಳಂತೆ ಪತ್ರಿಕೆಯಲ್ಲಿ ಬಂದು, ಲೇಖಕನ ಹೆಸರನ್ನೂ ಹೇಳದೆ ಮುಗಿದುಹೋದವು ಅವು. ನಾನು ಹೇಳುತ್ತಿರುವುದು 'ಚಂದಮಾಮ'ದ ಧಾರಾವಾಹಿಗಳನ್ನು ಕುರಿತು.

ಕನ್ನಡದಲ್ಲಿ ಮಕ್ಕಳಿಗಾಗಿ ಬರೆದವರೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದಿದ್ದರು. ಆದರೆ ಅದು ಜ್ಞಾನದ ಭಂಡಾರ. ಗುಹೆ, ನಿಧಿ, ಮಾಂತ್ರಿಕ, ಭೂತಾಕಾರದ ಪಕ್ಷಿ ಇವುಗಳ ಹಸಿವು ಬೇರೆಯದು. ಆ ಹಸಿವನ್ನು ನಮ್ಮ ಭಾಗದಲ್ಲಿ ತೀರಿಸಿದ್ದು ಮದರಾಸಿನಿಂದ ಬರುತ್ತಿದ್ದ ಪತ್ರಿಕೆ.

ಮದರಾಸು ನಮಗೆ ಪರಸ್ಥಳವಾಗಿರಲಿಲ್ಲ ಎಂಬುದನ್ನು ಇಂದಿನ ಓದುಗರಿಗೆ ನೆನಪಿಸಬೇಕು. ಹೊಸಪೇಟೆ, ಸಂಡೂರು, ಕಂಪ್ಲಿಗಳನ್ನೊಳಗೊಂಡ ಬಳ್ಳಾರಿ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಸಂಡೂರಿನ ಪುಟ್ಟ ಸಂಸ್ಥಾನವನ್ನು ಬಿಟ್ಟರೆ, ಅಲ್ಲಿಯವರೆಗೆ ನಮ್ಮ ಹಿರಿಯರೆಲ್ಲ ಮದರಾಸು ಆಡಳಿತದ ಪ್ರಜೆಗಳು. ಅದೇ ಮದರಾಸಿನಲ್ಲಿ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈ ತಿಂಗಳಲ್ಲಿ ತೆಲುಗು ಹಾಗೂ ತಮಿಳಿನಲ್ಲಿ ಚಂದಮಾಮವನ್ನು ಆರಂಭಿಸಿದರು. ಕನ್ನಡದ ಆವೃತ್ತಿಯೂ ಬಹಳ ತಡವಾಗದೆ ಬಂದಿತು. ಚಿತ್ರಗಳು ಎಲ್ಲ ಭಾಷೆಗಳಿಗೂ ಒಂದೇ, ಅಕ್ಷರ ಮಾತ್ರ ಬೇರೆ. ಇದು ಖರ್ಚು ಉಳಿಸುವ ಉಪಾಯವಾಗಿದ್ದಿರಬಹುದು. ಆದರೆ ಅದರಿಂದಾಗಿ ದಕ್ಷಿಣದ ಒಂದಿಡೀ ತಲೆಮಾರಿನ ಮಕ್ಕಳ ಕಣ್ಣಿನಲ್ಲಿ ರಾಕ್ಷಸನಿಗೆ ಒಂದೇ ಮುಖ, ಮಾಂತ್ರಿಕನಿಗೆ ಒಂದೇ ಗಡ್ಡ ನಿಂತುಹೋಯಿತು!

ಆ ಮುಖಗಳನ್ನು ಬರೆದ ಕಲಾವಿದರ ಹೆಸರುಗಳು ನಮಗೆ ಗೊತ್ತಿದ್ದವು, ಏಕೆಂದರೆ ಅವರು ಚಿತ್ರದ ಮೂಲೆಯಲ್ಲಿ ಸಹಿ ಮಾಡುತ್ತಿದ್ದರು. 'ಚಿತ್ರಾ' ಎಂದು ಸಹಿ ಮಾಡುತ್ತಿದ್ದ ಟಿ.ವಿ. ರಾಘವನ್, ಬೇತಾಳ ಕಥೆಗಳ 'ಶಂಕರ್', ಮುಖಪುಟಗಳ 'ವಪಾ' ಅಂದರೆ ವಡ್ಡಾದಿ ಪಾಪಯ್ಯ. ಕಥೆ ಬರೆದವನಿಗೆ ಮಾತ್ರ ಸಹಿಯಿಲ್ಲ. ನಾವು ಅದನ್ನು ಕೇಳಲೂ ಇಲ್ಲ. ಅಜ್ಜಿ ಹೇಳುವ ಕಥೆಗೆ ಲೇಖಕರು ಯಾರೆಂದು ಯಾವ ಮಗು ಕೇಳೀತು?

ಬರೆದವರು ಇದ್ದರು. ಅವರ ಹೆಸರು ದಾಸರಿ ಸುಬ್ರಹ್ಮಣ್ಯಂ. 1932ರಲ್ಲಿ ಹುಟ್ಟಿದ ಇವರು ಇಪ್ಪತ್ತರ ಹರೆಯದಲ್ಲಿ ಚಂದಮಾಮದ ಕಚೇರಿಯನ್ನು ಸೇರಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿಯೇ ದುಡಿದರು. 1954ರ 'ತೋಕಚುಕ್ಕ', ಅಂದರೆ ಧೂಮಕೇತು, ಅವರ ಮೊದಲ ಧಾರಾವಾಹಿ. ಆಮೇಲೆ 'ರಾಕಾಸಿಲೋಯ', 'ಪಾತಾಳದುರ್ಗಂ', 'ಶಿಥಿಲಾಲಯಂ', 'ಯಕ್ಷಪರ್ವತಂ', 'ಮಾಯಾಸರೋವರಂ' ಮೊದಲಾಗಿ ಒಟ್ಟು ಹನ್ನೆರಡು. 'ರಾಕಾಸಿಲೋಯ' ಒಂದೇ ಸುಮಾರು ಮೂರು ವರ್ಷ ನಡೆಯಿತು. ಅವರ ಪದ್ಧತಿಯನ್ನು ಗಮನಿಸಿ: ನಾಯಕ ಒಬ್ಬನೇ ಇರುವುದು ಅಪರೂಪ, ಸಾಮಾನ್ಯವಾಗಿ ಜೋಡಿ. ಕೇಶವ ಮತ್ತು ಜಯಮಲ್ಲ, ಧೂಮಕ ಮತ್ತು ಸೋಮಕ, ಶಿಖಿಮುಖಿ ಮತ್ತು ವಿಕ್ರಮಕೇಸರಿ, ಖಡ್ಗವರ್ಮ ಮತ್ತು ಜೀವದತ್ತ. ಇಬ್ಬರು ಗೆಳೆಯರು ಕಾಡಿಗೆ ಹೊರಡುತ್ತಾರೆ, ಒಂದು ಆಪತ್ತಿನಿಂದ ಪಾರಾಗುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ, ಆ ತಿಂಗಳು ಅಲ್ಲಿಗೆ ನಿಲ್ಲುತ್ತದೆ. ಇವರ ಧಾರಾವಾಹಿಗಳಿಗೆ ಚಿತ್ರ ಬರೆದವರು ಚಿತ್ರಾ. 1978ರಲ್ಲಿ ಚಿತ್ರಾ ತೀರಿಕೊಂಡರು, ಸುಬ್ರಹ್ಮಣ್ಯಂ ಅವರ ಕಡೆಯ ಧಾರಾವಾಹಿಯೂ ಆ ಕಾಲದ್ದೇ.

ಚಿತ್ತವಾಡ್ಗಿಯ ಹುಡುಗರಾದ ನಮಗೆ 'ಶಿಥಿಲಾಲಯ'ವು ಉಳಿದೆಲ್ಲವುಗಳಿಗಿಂತ ಹೆಚ್ಚಾಗಿತ್ತು. 1960ರ ದಶಕದ ಕೊನೆಯ ವರ್ಷಗಳು. ನನಗೆ ಹತ್ತು ವರ್ಷ. ಪಾಳುಬಿದ್ದ ದೇವಾಲಯವನ್ನು ಹುಡುಕಿಕೊಂಡು ಕಾಡು ಹೊಕ್ಕವರ ಕಥೆಯದು. ಪಾಳು ದೇವಾಲಯಗಳು ಬೇರೆ ಊರಿನ ಮಕ್ಕಳಿಗೆ ಕಲ್ಪನೆಯಾಗಿದ್ದರೆ, ನಮಗೆ ಅವು ಎರಡು ಹರಿದಾರಿಯೊಳಗಿನ ನಿಜ. ಅಂದಿನ ಹಂಪಿಗೆ ಇಂದಿನಂತೆ ಬೇಲಿ, ಟಿಕೆಟ್ಟು, ಕಾವಲು ಇರಲಿಲ್ಲ. ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು 1986ರಲ್ಲಿ. ಜಾತ್ರೆಗೆ ಹೋದಾಗ ನಾವು ದೊಡ್ಡವರ ಕಣ್ಣು ತಪ್ಪಿಸಿ ಮಂಟಪಗಳ ಕತ್ತಲೆಯ ಮೂಲೆಗಳಲ್ಲಿ ಶಿಖಿಮುಖಿಯ ದಾರಿ ಹುಡುಕುತ್ತಿದ್ದೆವು. ಮುಂದೆ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜಯನಗರದ ಇತಿಹಾಸ ಪಾಠಮಾಡಿದ್ದೇನೆ. ರಾಬರ್ಟ್ ಸಿವೆಲ್ ಸಾಹೇಬನು 1900ರಲ್ಲಿ ಬರೆದ ಗ್ರಂಥವನ್ನೂ ಓದಿದ್ದೇನೆ. ಆದರೆ ಪಾಳು ಎಂಬುದರ ಮುಂದೆ ನಿಂತು ಇಲ್ಲಿ ಏನು ನಡೆದಿದ್ದೀತು ಎಂದು ಮೊದಲು ಯೋಚಿಸುವಂತೆ ಮಾಡಿದ್ದು ಸಿವೆಲ್ ಅಲ್ಲ.

ಇನ್ನೊಂದು ಅನುಕೂಲವೂ ನಮ್ಮ ಭಾಗಕ್ಕಿತ್ತು. ತುಂಗಭದ್ರಾ ಕಾಲುವೆಗಳಿಗೆ ನೀರು ಬಂದ ಮೇಲೆ ಕೃಷ್ಣಾ ಗೋದಾವರಿ ಸೀಮೆಗಳಿಂದ ರೈತ ಕುಟುಂಬಗಳು ಬಂದು ಕಂಪ್ಲಿ, ಗಂಗಾವತಿಯ ಕಡೆ ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲಸಿದವು. ಅವರ ಮನೆಗಳಿಗೆ ತೆಲುಗು ಚಂದಮಾಮ ಬರುತ್ತಿತ್ತು. ನನ್ನ ಸಹಪಾಠಿಯೊಬ್ಬ ಅಂಥ ಕ್ಯಾಂಪಿನವನು. ಎರಡೂ ಭಾಷೆಯ ಸಂಚಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿಯೇ ನಾನು ತೆಲುಗು ಅಕ್ಷರ ಕಲಿತೆ. ಚಿತ್ರವೊಂದೇ ಆದ್ದರಿಂದ ಅರ್ಥ ಹಿಡಿಯಲು ಕಷ್ಟವಾಗುತ್ತಿರಲಿಲ್ಲ. ಕನ್ನಡ ಪಾಠದಲ್ಲಿ ಒಂದು ವಿಶೇಷವನ್ನು ಗಮನಿಸಿದ್ದೆ. ಅದು ಮೈಸೂರಿನ ಕನ್ನಡವೂ ಅಲ್ಲ, ಧಾರವಾಡದ್ದೂ ಅಲ್ಲ. ಎಲ್ಲಿಯ ಬೀದಿಯಲ್ಲೂ ಯಾರೂ ಆಡದ, ಆದರೆ ಎಲ್ಲರಿಗೂ ತಿಳಿಯುವ ತಿಳಿಗನ್ನಡ. ಮನೆಯಲ್ಲಿ ಬಳ್ಳಾರಿ ಸೀಮೆಯ ಮಾತಾಡುತ್ತಿದ್ದ ನಮಗೆ ಬರೆಯುವ ಕನ್ನಡ ಎಂದರೆ ಹೀಗಿರಬೇಕು ಎಂದು ತೋರಿಸಿದ್ದು ಅದೇ. ವ್ಯಾಕರಣದ ಮೇಷ್ಟ್ರುಗಳು ಈ ಮಾತಿಗೆ ಮುನಿಸಿಕೊಂಡರೂ ಚಿಂತೆಯಿಲ್ಲ.

ಈಗ ಸಂಗ್ರಹದ ಮಾತಿಗೆ ಬರೋಣ. ಪುಸ್ತಕವಾಗಿ ಮಾರಾಟಕ್ಕೆ ಬಾರದ ಕಥೆಯನ್ನು ಪುಸ್ತಕವಾಗಿಸಿದ್ದು ಓದುಗರ ಮನೆಗಳು. ಅದರಲ್ಲಿ ಎರಡು ಪಂಥಗಳಿದ್ದವು. ವರ್ಷದ ಹನ್ನೆರಡು ಸಂಚಿಕೆಗಳನ್ನು ಮುಖಪುಟ ಸಮೇತ ಒಟ್ಟಿಗೆ ಹೊಲಿಸುವವರು ಒಂದು ಪಂಥ. ಪಿನ್ನು ಬಿಚ್ಚಿ ಧಾರಾವಾಹಿಯ ಹಾಳೆಗಳನ್ನು ಮಾತ್ರ ಬೇರ್ಪಡಿಸಿ, ಕಥೆ ಪೂರ್ತಿಯಾದ ಮೇಲೆ ಬೈಂಡು ಹಾಕಿಸುವವರು ಇನ್ನೊಂದು. ಎರಡನೆಯವರ ಪುಸ್ತಕ ಓದಲು ಚೆಂದ, ಕಾದಂಬರಿಯಂತೆಯೇ ಸಾಗುತ್ತದೆ. ಪ್ರತಿ ಕಂತಿನ ತಲೆಯ ಮೇಲೆ ನಡೆದ ಕಥೆಯ ಸಾರಾಂಶ, ಕೊನೆಯಲ್ಲಿ 'ಇನ್ನೂ ಇದೆ' ಎಂಬ ಮಾತು ಬರುವುದೊಂದೇ ವ್ಯತ್ಯಾಸ. ಆದರೆ ಇತಿಹಾಸದ ವಿದ್ಯಾರ್ಥಿಯಾಗಿ ನನ್ನ ಒಲವು ಮೊದಲನೆಯವರ ಕಡೆಗೆ. ಧಾರಾವಾಹಿಯ ಕಡೆಯ ಹಾಳೆಯ ಹಿಂಬದಿಯಲ್ಲಿ ಬೇರೊಂದು ಕಥೆಯ ಮೊದಲ ಪುಟ ಇರುತ್ತಿತ್ತು. ಒಂದನ್ನು ಉಳಿಸುವಾಗ ಇನ್ನೊಂದರ ತಲೆ ಹೋಗುತ್ತಿತ್ತು. ಜೊತೆಗೆ ತಿಂಗಳು, ವರ್ಷ ನಮೂದಾದ ಪುಟವೂ ಇಲ್ಲವಾಗುತ್ತಿತ್ತು. ಚಂದಮಾಮವು ಹಳೆಯ ಧಾರಾವಾಹಿಗಳನ್ನು ಮುಂದಿನ ದಶಕಗಳಲ್ಲಿ ಮತ್ತೆ ಅಚ್ಚು ಮಾಡಿತು. ಆದ್ದರಿಂದ ತಾರೀಖಿಲ್ಲದ ಬೈಂಡು ಕೈಗೆ ಬಂದಾಗ ಅದು ಮೊದಲ ಬಾರಿಯದೋ ಎರಡನೆಯದೋ ಎಂದು ಹಿಂಬದಿಯ ತುಂಡುಕಥೆಗಳನ್ನು ನೋಡಿಯೇ ಊಹಿಸಬೇಕಾಗುತ್ತದೆ.

ನನ್ನ ತಂದೆಯವರು ಎರಡನೆಯ ಪಂಥದವರು. ಜಲಾಶಯದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರಿಗೆ ಕಡತ ಹೊಲಿಯುವ ಕೈವಾಡವಿತ್ತು. ಮೈದಾಹಿಟ್ಟಿನ ಅಂಟನ್ನು ಕಾಯಿಸಿ, ಹುಳ ಬೀಳದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸಿ, ದಪ್ಪ ದಾರದಿಂದ ಹೊಲಿದು, ರಟ್ಟಿಗೆ ಕಚೇರಿಯ ಖಾಕಿ ಕಾಗದ ಹಚ್ಚಿ, ಬೆನ್ನಿನ ಮೇಲೆ ಕಪ್ಪು ಶಾಯಿಯಲ್ಲಿ ಹೆಸರು ಬರೆಯುತ್ತಿದ್ದರು. 'ಶಿಥಿಲಾಲಯ'ಕ್ಕೂ ಅದನ್ನೇ ಮಾಡಿದರು. ಲೇಖಕರ ಹೆಸರಿನ ಜಾಗ ಖಾಲಿ. ಬರೆಯಲು ಹೆಸರಾದರೂ ಎಲ್ಲಿತ್ತು?

ಆ ಕಾಲದ ಉಳಿದ ಸರಕನ್ನೂ ಇಲ್ಲಿ ಹೇಳಿಬಿಡುತ್ತೇನೆ. ದಿನಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಸಿಗುತ್ತಿದ್ದ. ಐನೂರರ ಹತ್ತಿರ ಕಾದಂಬರಿ ಬರೆದ ಆ ಮಹಾನುಭಾವರನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡೇ ಓದಬೇಕಿತ್ತು. 1970ರ ದಶಕದಲ್ಲಿ ರಾಷ್ಟ್ರೋತ್ಥಾನದ 'ಭಾರತ-ಭಾರತಿ' ಮಾಲೆಯ ಪುಟ್ಟ ಜೀವನಚರಿತ್ರೆಗಳು ಬಂದವು. ಪ್ರೊ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಪುಸ್ತಕಗಳು! ಅವುಗಳ ಮೇಲೆ ಬರೆದವರ ಹೆಸರುಗಳಿದ್ದವು, ಆದ್ದರಿಂದ ಇಂದಿಗೂ ಅವನ್ನು ಗುರುತಿಸುವುದು ಸುಲಭ. ಇನ್ನು ಅಮರ ಚಿತ್ರ ಕಥೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು ಮುಂಬಯಿಯಲ್ಲಿ ಕಟ್ಟಿ ಬೆಳೆಸಿದ ಮಾಲೆ ಎಂದೇ ಎಲ್ಲರೂ ತಿಳಿದಿರುವುದು, ಅದು ಸರಿಯೂ ಹೌದು. ಆದರೆ ಇಂಗ್ಲಿಷಿನ ಅಮರ ಚಿತ್ರ ಕಥೆಯು 'ಕೃಷ್ಣ'ನಿಂದ ಆರಂಭವಾಗುತ್ತದೆ, ಮತ್ತು ಅದರ ಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ? ಅವು ಬಂದದ್ದು 1965ರಲ್ಲಿ, ಕನ್ನಡದಲ್ಲಿ! ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಸಿಂಡ್ರೆಲಾ, ಪಿನೋಕಿಯೋಗಳಂಥ ಪರದೇಶದ ಕಥೆಗಳನ್ನು ಕನ್ನಡದ ಚಿತ್ರಕಥೆಗಳಾಗಿ ಅಚ್ಚು ಹಾಕಿದರು. ಅವು ಚೆನ್ನಾಗಿ ಮಾರಾಟವಾದದ್ದರಿಂದಲೇ ಮುಂಬಯಿಯ ಕಚೇರಿ ಇಂಗ್ಲಿಷಿನಲ್ಲಿ ಕೈಹಾಕಿತು ಎಂದು ಅನಂತರಾಮ್ ಅವರೇ ಹೇಳಿದ್ದಾರೆ. ದೇಶವೆಲ್ಲ ಓದಿದ ಮಾಲೆಯೊಂದರ ಬೇರು ಕನ್ನಡದ ಮಕ್ಕಳ ಕೈಯಲ್ಲಿತ್ತು. ಆ ಹತ್ತರಲ್ಲಿ ಒಂದಾದರೂ ನಿಮ್ಮ ಮನೆಯಲ್ಲಿದೆಯೇ, ನೋಡಿ. ನನ್ನಲ್ಲಿಲ್ಲ.

ಇಂಥವು ಏಕೆ ಉಳಿಯಲಿಲ್ಲ? ಕಾನೂನು ಇಲ್ಲದೆ ಅಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಅಚ್ಚಾದ ಪ್ರತಿಯೊಂದು ಪುಸ್ತಕವೂ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯ, ಮದರಾಸಿನ ಕನ್ನೆಮರಾ ಮುಂತಾದ ಗ್ರಂಥಾಲಯಗಳಿಗೆ ಹೋಗಬೇಕು. 1956ರ ತಿದ್ದುಪಡಿಯಿಂದ ಪತ್ರಿಕೆಗಳಿಗೂ ಅದು ಅನ್ವಯಿಸಿತು. ಆದರೆ ಹೊಸಪೇಟೆಯ ಓದುಗನಿಗೆ ಕಲ್ಕತ್ತೆ ಎಷ್ಟು ದೂರ? ನಮ್ಮ ಹತ್ತಿರದ ಗ್ರಂಥಾಲಯಗಳು ಮಕ್ಕಳ ಪತ್ರಿಕೆಯನ್ನು ವರ್ಷದ ಕೊನೆಯಲ್ಲಿ ತೂಕಕ್ಕೆ ಹಾಕಬೇಕಾದ ವಸ್ತುವೆಂದೇ ಬಗೆದವು. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಎರಡು ಬೀರು ತುಂಬ ಇದ್ದ ಹಳೆಯ ಚಂದಮಾಮಗಳನ್ನು ಗಣಕಯಂತ್ರದ ಕೋಣೆಗೆ ಜಾಗ ಬೇಕೆಂದು ಒಂದು ಶನಿವಾರ ರದ್ದಿಯವನಿಗೆ ಕೊಟ್ಟುಬಿಟ್ಟರು. ಸೋಮವಾರ ನಾನು ಹೋಗಿ ವಿಚಾರಿಸುವಷ್ಟರಲ್ಲಿ ಅವು ಮಂಡಕ್ಕಿ ಪೊಟ್ಟಣಗಳಾಗಿದ್ದವು. ಮನೆಗಳಲ್ಲಿ ಉಳಿದವುಗಳಿಗೆ ನಮ್ಮೂರಿನದೇ ಆದ ಶತ್ರುವೊಂದಿತ್ತು. 2003ರಿಂದ, ಸುಪ್ರೀಂ ಕೋರ್ಟು 2011ರಲ್ಲಿ ಗಣಿಗಾರಿಕೆ ನಿಲ್ಲಿಸುವವರೆಗೆ, ಹಗಲೂ ಇರುಳೂ ಓಡಿದ ಅದಿರಿನ ಲಾರಿಗಳ ಕೆಂಪು ಧೂಳು. ಆ ವರ್ಷಗಳಲ್ಲಿ ಅಟ್ಟದ ಮೇಲಿದ್ದ ಪುಸ್ತಕಗಳ ಅಂಚು ಇಂದಿಗೂ ಕುಂಕುಮ ಬಳಿದಂತಿದೆ.

ಚಂದಮಾಮ 2007ರಲ್ಲಿ ಮುಂಬಯಿಯ ಜಿಯೋಡೆಸಿಕ್ ಕಂಪನಿಯ ಕೈಗೆ ಹೋಯಿತು, 2013ರಲ್ಲಿ ನಿಂತೇಹೋಯಿತು. ದಾಸರಿ ಸುಬ್ರಹ್ಮಣ್ಯಂ ಅದಕ್ಕೂ ಮೊದಲು, 2010ರ ಜನವರಿಯಲ್ಲಿ ತೀರಿಕೊಂಡರು. ತೆಲುಗಿನ ಅಭಿಮಾನಿಗಳು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಮನೆಮನೆಯ ಬೈಂಡುಗಳನ್ನು ಕೂಡಿಸಿ, ಸ್ಕ್ಯಾನ್ ಮಾಡಿ, ಅವರ ಧಾರಾವಾಹಿಗಳನ್ನು ಅವರ ಹೆಸರಿನಲ್ಲಿ, ಚಿತ್ರಾ ಅವರ ಚಿತ್ರಗಳೊಂದಿಗೆ ಪುಸ್ತಕಗಳಾಗಿ ಹೊರತಂದರು. ನನಗೂ ಆ ಹೆಸರು ತಿಳಿದದ್ದು ಅವರಿಂದಲೇ. ತೆಲುಗಿನಲ್ಲಿ ಆದದ್ದು ಕನ್ನಡದಲ್ಲಿ ಆಗಬೇಕಾದರೆ ಮೊದಲು ಕನ್ನಡದ ಕಂತುಗಳು ಪೂರ್ತಿಯಾಗಿ ಒಂದೆಡೆ ಸೇರಬೇಕು.

ಕಳೆದ ವರ್ಷ ತಂದೆಯವರ 'ಶಿಥಿಲಾಲಯ'ವನ್ನು ಸ್ಕ್ಯಾನ್ ಮಾಡಿಸಲು ಹೊರಟೆ. ಹೊಲಿಗೆಯ ಒಳಗೆ ಪ್ರತಿ ಸಾಲಿನ ಮೊದಲ ಎರಡು ಅಕ್ಷರ ನುಂಗಿಹೋಗಿದ್ದವು. ಬೈಂಡು ಬಿಚ್ಚದೆ ಓದಿಸಲು ಸಾಧ್ಯವಿರಲಿಲ್ಲ. ತಿಂಗಳುಗಟ್ಟಲೆ ಹಿಂದೆಮುಂದೆ ನೋಡಿದೆ. ಅವರು ಹೊಲಿದ ದಾರವದು. ಕೊನೆಗೆ ಮಗಳೇ ಕುಳಿತು ಸಣ್ಣ ಕತ್ತರಿಯಿಂದ ಒಂದೊಂದೇ ಗಂಟು ಬಿಡಿಸಿದಳು. ಹಾಳೆಗಳೆಲ್ಲ ಸ್ಕ್ಯಾನ್ ಆದವು, ದಾರವನ್ನೂ ಖಾಕಿ ರಟ್ಟನ್ನೂ ಎತ್ತಿಟ್ಟಿದ್ದೇನೆ. ನಡುವೆ ಎರಡು ಕಂತುಗಳಿಲ್ಲ. ಆ ಎರಡು ತಿಂಗಳು ಮನೆಯಲ್ಲಿ ಪತ್ರಿಕೆ ಕೊಳ್ಳಲು ಕಾಸಿರಲಿಲ್ಲವೆಂದು ಅಮ್ಮ ಹೇಳುತ್ತಿದ್ದರು. ತೆಲುಗಿನಲ್ಲಿ ಆ ಭಾಗವನ್ನು ಈಗ ಓದಿದ್ದೇನೆ, ಏನಾಯಿತೆಂದು ಗೊತ್ತು. ಬೇಕಾಗಿರುವುದು ಕನ್ನಡದ ಹಾಳೆಗಳು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಬಳ್ಳಾರಿ, ವಿಜಯನಗರ, ಕೊಪ್ಪಳ ಕಡೆಯ ಯಾರ ಮನೆಯ ಅಟ್ಟದಲ್ಲಾದರೂ 1967ರಿಂದ 1971ರ ನಡುವಣ ಕನ್ನಡ ಚಂದಮಾಮಗಳಿದ್ದರೆ ರದ್ದಿಗೆ ಹಾಕಬೇಡಿ. ತುಕ್ಕು ಹಿಡಿದ ಪಿನ್ನುಗಳನ್ನು ಮೊದಲು ತೆಗೆಯಿರಿ, ತುಕ್ಕು ಕಾಗದವನ್ನು ತಿನ್ನುತ್ತದೆ. ಮುರಿದ ಅಂಚಿಗೆ ಗೋಂದುಪಟ್ಟಿ ಅಂಟಿಸಬೇಡಿ, ಕೆಲವೇ ವರ್ಷಗಳಲ್ಲಿ ಅದು ಹಳದಿಯಾಗಿ ಅಕ್ಷರವನ್ನೇ ಕಿತ್ತುಕೊಳ್ಳುತ್ತದೆ. ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಒಣಬೇವಿನ ಎಲೆ ಹಾಕಿ, ಮಲಗಿಸಿ ಇಡಿ. ಮತ್ತು ಒಂದು ಮಾತು ತಿಳಿಸಿ, ನಾನೇ ಬಂದು ನೋಡಿಕೊಂಡು ಹೋಗುತ್ತೇನೆ. ಪುಸ್ತಕ ನಿಮ್ಮಲ್ಲೇ ಇರಲಿ.