ಹುಲ್ಲಿನ ಅಡಿಯ ಸೀಸ

ಗಾಲ್ಫ್ ಮೈದಾನದ ಹಸುರನ್ನು ದೂರದಿಂದ ಕಂಡವರಿಗೆ ಅದಕ್ಕೊಂದು ಚರಿತ್ರೆಯುಂಟೆಂದು ತೋರುವುದಿಲ್ಲ. ನನಗಂತೂ ಆ ಆಟಕ್ಕಿಂತ ಹುಲ್ಲಿನ ಕಥೆಯೇ ಹೆಚ್ಚು ಸ್ವಾರಸ್ಯವೆನಿಸಿದೆ.

1916ರಲ್ಲಿ ಅಮೆರಿಕದ ನ್ಯೂಜೆರ್ಸಿಯ ರಿವರ್‌ಟನ್ ಊರಿನ ಬಳಿ, ಸಸಿಗಳ ನರ್ಸರಿಯೊಂದರಲ್ಲಿ, ಜಪಾನಿನ ಜೀರುಂಡೆ ಮೊದಲು ಕಣ್ಣಿಗೆ ಬಿತ್ತು. ಬೇರಿಗಂಟಿದ ಮಣ್ಣಿನಲ್ಲಿ ಅಡಗಿ ಹಡಗೇರಿ ಬಂದಿರಬೇಕು. ಜೀರುಂಡೆ ಗುಲಾಬಿಯನ್ನು ತಿಂದರೆ ಅದರ ಮರಿಹುಳು ನೆಲದೊಳಗೆ ಹುಲ್ಲಿನ ಬೇರನ್ನು ತಿನ್ನುತ್ತದೆ. ನಮ್ಮ ಅಡಕೆ ತೋಟದವರು ಗೊಣ್ಣೆಹುಳು ಎನ್ನುವರಲ್ಲ, ಅದರ ದಾಯಾದಿಯೇ ಇದು. ಬೇರು ಕಳೆದುಕೊಂಡ ಹುಲ್ಲು, ಎಳೆದರೆ ಚಾಪೆಯಂತೆ ಸುರುಳಿಯಾಗಿ ಎದ್ದುಬರುತ್ತದೆ.

ಮೈದಾನದವರು ಇದಕ್ಕೆ ಲೆಡ್ ಆರ್ಸೆನೇಟನ್ನು ಮಣ್ಣಿಗೆ ಬೆರೆಸಿದರು. ಸೀಸವೂ ಆರ್ಸೆನಿಕ್ಕೂ ಕೂಡಿದ ಪುಡಿ. 1892ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಜಿಪ್ಸಿ ಪತಂಗದ ಮೇಲೆ ಪ್ರಯೋಗವಾಗಿದ್ದದ್ದು. ಹುಳು ಸತ್ತಿತು, ಎರೆಹುಳುವೂ ಸತ್ತಿತು. ಅದನ್ನೂ ಲಾಭದ ಲೆಕ್ಕಕ್ಕೇ ಬರೆದುಕೊಂಡರು: ಎರೆಹುಳು ಹಾಕಿದ ಮಣ್ಣಿನ ಗುಪ್ಪೆಗೆ ತಗುಲಿ ಚೆಂಡು ದಾರಿ ತಪ್ಪುತ್ತಿತ್ತಂತೆ! ಒಮ್ಮೆ ಹಾಕಿದರೆ ವರ್ಷಗಟ್ಟಲೆ ಉಳಿಯುವುದೇ ಆ ಪುಡಿಯ ಹೆಗ್ಗಳಿಕೆಯಾಗಿತ್ತು. ಅಮೆರಿಕ ಅದನ್ನು ಕೀಟನಾಶಕಗಳ ಪಟ್ಟಿಯಿಂದ ಪೂರ್ತಿ ತೆಗೆದುಹಾಕಿದ್ದು 1988ರಲ್ಲಿ.

ಇನ್ನು ತೊರೆಯ ಮಾತು. ಆಟಕ್ಕೆ ಅಡ್ಡಬಂದ ತೊರೆಗಳನ್ನು ನೇರಮಾಡಿ, ಕೊಳವೆಗೆ ತುರುಕಿ, ನೀರಿನ ಅಂಚಿನವರೆಗೂ ಹುಲ್ಲು ಕತ್ತರಿಸುವುದೇ ಆಗ ಅಚ್ಚುಕಟ್ಟೆನಿಸಿತ್ತು. ಈಗ ಹಲವೆಡೆ ಕೊಳವೆ ಕಿತ್ತು, ತೊರೆಗೆ ಅದರ ತಿರುವುಗಳನ್ನು ಮರಳಿ ಕೊಟ್ಟು, ದಡದಲ್ಲಿ ಎತ್ತರದ ಹುಲ್ಲನ್ನೂ ಪೊದೆಗಳನ್ನೂ ಬೆಳೆಸುತ್ತಾರೆ. ಅವುಗಳ ಬೇರು ದಡ ಕುಸಿಯದಂತೆ ಹಿಡಿಯುತ್ತದೆ. ಮೈದಾನದಿಂದ ಹರಿದುಬರುವ ಗೊಬ್ಬರವನ್ನೂ ಅಷ್ಟಿಷ್ಟು ತಡೆಯುತ್ತದೆ.

ಒಳ್ಳೆಯ ಕೆಲಸವೇ. ಆದರೆ ಹಳೆಯ ಮೈದಾನವಾದರೆ ಗುದ್ದಲಿ ಹಾಕುವ ಮೊದಲು ಮಣ್ಣನ್ನು ಪರೀಕ್ಷಿಸಬೇಕು. ಸೀಸ, ಆರ್ಸೆನಿಕ್ಕುಗಳು ಕೊಳೆತುಹೋಗುವ ವಸ್ತುಗಳಲ್ಲ. ಅಗೆದ ಮಣ್ಣನ್ನು ದಡದಲ್ಲೇ ಒಟ್ಟಿಬಿಟ್ಟರೆ, ಮೊದಲ ಮಳೆಗೇ ಅದು ತೊರೆಗಿಳಿದೀತು.