ಸವಕಲು ನಾಣ್ಯದ ಸಾಕ್ಷಿ

ಎಳನೀರಿನ ಗಾಡಿಯ ಮುಂದೆಯೂ ಫೋನ್ ತೆಗೆದು ಸ್ಕ್ಯಾನ್ ಮಾಡೋ ಕಾಲ ಇದು. ಹಾಗಾಗಿ ಅಪರೂಪಕ್ಕೆ ಚಿಲ್ಲರೆ ಕೈಗೆ ಬಂದರೆ, ಜೇಬಿಗೆ ಹಾಕೋ ಮೊದಲು ನಾನು ಒಂದೊಂದನ್ನೂ ತಿರುಗಿಸಿ ನೋಡ್ತೀನಿ. ತೊಂಬತ್ತರ ದಶಕದ, ಹನ್ನೊಂದು ಮೂಲೆಯ ಎರಡು ರೂಪಾಯಿ ಸಿಕ್ಕಿದರಂತೂ ಖುಷಿಯೋ ಖುಷಿ. ಗೆಳೆಯರಿಗೆ ತೋರಿಸಿದರೆ ಮೊದಲ ಪ್ರಶ್ನೆ ಒಂದೇ: "ಇದಕ್ಕೆ ಎಷ್ಟು ಸಿಗುತ್ತೆ?"

ಬಹುತೇಕ ಸಲ ಉತ್ತರ: ಎರಡು ರೂಪಾಯಿ. ಹಳೇ ನಾಣ್ಯಕ್ಕೆ ಲಕ್ಷ ಲಕ್ಷ ಕೊಡ್ತೀವಿ ಅನ್ನೋ ಆನ್‌ಲೈನ್ ಮೋಸದ ಬಗ್ಗೆ 2021ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು. ನಾಣ್ಯ ಹಳೆಯದಾಗಿದ್ದರಷ್ಟೇ ಸಾಲದು, ಅದು ಯಾವ ಸ್ಥಿತಿಯಲ್ಲಿದೆ ಅನ್ನೋದೇ ಮುಖ್ಯ.

ಸ್ಥಿತಿ ನೋಡೋದು ಹೇಗೆ? ನಾಣ್ಯವನ್ನು ಅಂಚಿನಲ್ಲಿ ಹಿಡಿದು, ದೀಪದ ಕೆಳಗೆ ನಿಧಾನಕ್ಕೆ ವಾಲಿಸಿ. ಹೊಸ ನಾಣ್ಯದ ಮೈಮೇಲೆ ಬೆಳಕಿನ ಪಟ್ಟಿಯೊಂದು ಸುತ್ತು ಹಾಕುತ್ತೆ. ಕೈಯಿಂದ ಕೈಗೆ ಓಡಾಡಿದ ಹಾಗೆ ಆ ಮಿಂಚು ಹೋಗುತ್ತೆ, ಅದೂ ಉಬ್ಬಿದ ಜಾಗದಲ್ಲಿ ಮೊದಲು. ನಮ್ಮ ನಾಣ್ಯಗಳಲ್ಲಿ ಸಿಂಹದ ಎದೆ, ಕೇಸರದ ಗೆರೆಗಳನ್ನು ನೋಡಿ. ಗೆರೆ ಮಸುಕಾಗಿದ್ದರೂ ಅಲ್ಲಿ ಮಿಂಚು ಉಳಿದಿದ್ದರೆ, ಅದು ಸವೆತ ಅಲ್ಲ, ಟಂಕಸಾಲೆಯಲ್ಲೇ ಅಚ್ಚು ಸರಿಯಾಗಿ ಬಿದ್ದಿಲ್ಲ ಅಂತ ಅರ್ಥ.

ಈ ಕಣ್ಣಂದಾಜಿಗೆ ಅಂಕ ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಶೆಲ್ಡನ್. ಅಲ್ಲಿನ ಹಳೆಯ ದೊಡ್ಡ ಸೆಂಟ್ ನಾಣ್ಯಗಳ ಬಗ್ಗೆ 1949ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ 1ರಿಂದ 70ರವರೆಗಿನ ಅಳತೆಯೊಂದನ್ನು ಅವರು ಮುಂದಿಟ್ಟರು. ಲೆಕ್ಕ ಸರಳ: ತೀರಾ ಸವೆದದ್ದಕ್ಕೆ ಒಂದು ಡಾಲರ್ ಆದರೆ, ಕಲೆಯೇ ಇಲ್ಲದ ಅದೇ ನಾಣ್ಯಕ್ಕೆ 70 ಡಾಲರ್. ಆ ಬೆಲೆಯ ಲೆಕ್ಕ ಯಾವತ್ತೋ ಬಿದ್ದುಹೋಯಿತು, ಆದರೆ 70ರ ಅಳತೆ ಇವತ್ತಿಗೂ ಜಗತ್ತಿನ ನಾಣ್ಯ ಮಾರುಕಟ್ಟೆಯನ್ನು ಆಳ್ತಿದೆ. ಒಂದು ತಮಾಷೆ ಗಮನಿಸಿ: ಪೂರ್ತಿ ಅಂಕ ಸಿಗೋದು ಯಾರ ಕೈಗೂ ಹೋಗದ, ಯಾವ ಸಂತೆಯನ್ನೂ ನೋಡದ ನಾಣ್ಯಕ್ಕೆ!

ಅದೇ 1940ರ ದಶಕದಲ್ಲಿ, ಪುಣೆಯಲ್ಲಿ ಗಣಿತದ ಮೇಷ್ಟ್ರಾಗಿದ್ದ ಡಿ. ಡಿ. ಕೋಸಂಬಿ ಇದಕ್ಕೆ ಪೂರ್ತಿ ಉಲ್ಟಾ ಯೋಚನೆ ಮಾಡಿದ್ದರು. ಅವರಿಗೆ ಬೇಕಾಗಿದ್ದದ್ದೇ ಸವೆತ. ತಕ್ಷಶಿಲೆಯಲ್ಲಿ ಸಿಕ್ಕಿದ್ದ ಪಂಚ್ ಮಾರ್ಕ್ ಬೆಳ್ಳಿ ನಾಣ್ಯಗಳ ಮೇಲೆ ರಾಜನ ಹೆಸರೂ ಇಲ್ಲ, ಇಸವಿಯೂ ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿಯೋದು ಹೇಗೆ? ಕೋಸಂಬಿ ತಕ್ಕಡಿ ಹಿಡಿದರು. ಮೊದಲು ಆಗ ಚಲಾವಣೆಯಲ್ಲಿದ್ದ ನಾಣ್ಯಗಳನ್ನೇ ಸಾವಿರಗಟ್ಟಲೆ ತೂಗಿದರು. ವರ್ಷ ಕಳೆದಂತೆ ಸರಾಸರಿ ತೂಕ ಇಳಿಯುತ್ತೆ, ನಾಣ್ಯ ನಾಣ್ಯದ ನಡುವಿನ ವ್ಯತ್ಯಾಸ ಹೆಚ್ಚುತ್ತೆ ಅನ್ನೋದು ಅಂಕಿಗಳಲ್ಲೇ ಕಂಡಿತು. ಒಂದೇ ನಾಣ್ಯ ನಂಬಿದರೆ ಮೋಸ ಹೋಗಬಹುದು, ಗುಂಪಿನ ಸರಾಸರಿ ಕಾಲವನ್ನು ಹೇಳುತ್ತೆ.

ಆಮೇಲೆ ಅದೇ ಲೆಕ್ಕವನ್ನು ತಕ್ಷಶಿಲೆಯ ನಾಣ್ಯಗಳಿಗೆ ಹಚ್ಚಿದರು. ಹಿಂಬದಿಯ ಪುಟ್ಟ ಗುರುತುಗಳು ಹೆಚ್ಚಿದಷ್ಟೂ ತೂಕ ಕಡಿಮೆಯಾಗಿತ್ತು. ಅಂದರೆ, ಚಲಾವಣೆಯಲ್ಲಿರುವಾಗ ಆಗಾಗ ಪರೀಕ್ಷೆ ಮಾಡಿ ಒತ್ತಿದ ಗುರುತುಗಳವು ಅಂತ ಅವರು ವಾದಿಸಿದರು. ಅವರ ಕಾಲಾನುಕ್ರಮದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೀತು. ಆದರೆ ಸವೆತವೂ ಒಂದು ದಾಖಲೆ ಅನ್ನೋ ಮಾತು ನಿಂತಿತು.

ಅದಕ್ಕೇ ಹೇಳೋದು, ಸಿಕ್ಕ ನಾಣ್ಯಕ್ಕೆ ದಯವಿಟ್ಟು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಉಜ್ಜಿದರೆ ಶೆಲ್ಡನ್ ಲೆಕ್ಕದಲ್ಲೂ ಅಂಕ ಹೋಗುತ್ತೆ, ಕೋಸಂಬಿ ಲೆಕ್ಕದಲ್ಲೂ ಸಾಕ್ಷಿ ಕೆಡುತ್ತೆ. ಬದಲಿಗೆ ಇಸವಿ ಪ್ರಕಾರ ಜೋಡಿಸಿ. ಇಸವಿಯ ಕೆಳಗೆ ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ ಟಂಕಸಾಲೆಯದು.

ನನಗೆ ಕಾಡೋ ಯೋಚನೆ ಇನ್ನೊಂದು. ನಮ್ಮ ನಾಣ್ಯಗಳು ಈಗ ಡ್ರಾಯರ್‌ನಲ್ಲಿ ಮಲಗಿವೆ. ಓಡಾಡದ ನಾಣ್ಯ ಸವೆಯೋದಿಲ್ಲ. ಮುಂದೊಂದು ದಿನ ಇನ್ನೊಬ್ಬ ಕೋಸಂಬಿ ತಕ್ಕಡಿ ಹಿಡಿದು ಬಂದರೆ, ನಮ್ಮ ಕಾಲದ ನಾಣ್ಯಗಳು ಚೆನ್ನಾಗಿ ಹೊಳೀತಾ ಇರುತ್ತವೆ. ನಮ್ಮ ಸಂತೆ, ಬಸ್ಸು, ಟೀ ಅಂಗಡಿಗಳ ಬಗ್ಗೆ ಮಾತ್ರ ಏನೂ ಹೇಳಲಾರವು.