ಪಡಸಾಲೆಯ ಪೆಟ್ಟಿಗೆ, ಒಳಮನೆಯ ಕಿವಿ

ಹಾನಗಲ್ಲು, ಹಿರೇಕೆರೂರು, ಸವಣೂರು, ಶಿಗ್ಗಾವಿ ಈ ನಾಲ್ಕೂ ಊರುಗಳಲ್ಲಿ ನಾನು ಬದುಕಿದ್ದೇನೆ. ನಾನು ಕಂಡ ಮನೆಗಳಲ್ಲೆಲ್ಲ ಹಾಡಿನ ಪೆಟ್ಟಿಗೆಗೆ ಪಡಸಾಲೆಯೇ ಜಾಗ. ಗ್ರಾಮೊಫೋನು ಹೋಗಿ ರೇಡಿಯೊ ಬಂತು, ರೇಡಿಯೊದ ಮಗ್ಗುಲಿಗೆ ಟೇಪ್‌ರೆಕಾರ್ಡರು ಬಂತು. ಕೊಂಡು ತರುವವರು ಗಂಡಸರು, ಅದರ ಕಿವಿ ತಿರುವುವವರೂ ಅವರೇ. ನಾವು ಒಳಗೆ ರೊಟ್ಟಿ ಬಡಿಯುವ ಸಪ್ಪಳದ ನಡುವೆ ಸಿಕ್ಕಷ್ಟು ಕೇಳಿದವರು.

ಸೋಜಿಗವೆಂದರೆ, ಆ ಪೆಟ್ಟಿಗೆಯೊಳಗಿಂದ ಮೊದಲು ಹಾಡಿದವರಲ್ಲಿ ಹೆಣ್ಣುಮಕ್ಕಳೇ ಮುಂದು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದರು. ನಮ್ಮೂರಿನ ಹೆಸರನ್ನೇ ಹೊತ್ತ ಗಂಗೂಬಾಯಿ ಹಾನಗಲ್ (1913–2009) 1930ರ ದಶಕದಲ್ಲಿ ಮುಂಬಯಿಗೆ ಹೋಗಿ ಎಚ್.ಎಂ.ವಿ.ಗೆ ಹಾಡಿದಾಗ ತಟ್ಟೆಯ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಆಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷದ ಹಾಡು ಮಾತ್ರ. ಅಂದಿನ ಅವರ ದನಿ ತೆಳು. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಗಡುಸಾಗಿ, ಗಂಭೀರವಾಗಿ ಇಳಿಯಿತು. ನಾಡೆಲ್ಲ ತಲೆದೂಗಿದ್ದು ಆ ದನಿಗೆ. ಆದರೆ ನನ್ನ ಅವ್ವ ಅವರ ಒಂದು ಹಾಡನ್ನಾದರೂ ಮೊದಲಿನಿಂದ ಕೊನೆಯವರೆಗೆ ಕುಳಿತು ಕೇಳಿದ್ದನ್ನು ನಾನು ಕಂಡಿಲ್ಲ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ನಮ್ಮ ಮನೆಗೆ ದಿನಾಲೂ ಬರುತ್ತಿತ್ತು. ಅವ್ವನಿಗೆ ಮಾತ್ರ ಕೂಡಲು ಪುರಸೊತ್ತಿರಲಿಲ್ಲ.

ಹಿರೇಕೆರೂರಿನಲ್ಲಿ ನೌಕರಿ ಸಿಕ್ಕ ಮೇಲೆ ನನ್ನ ಸಂಬಳದಲ್ಲಿ ಒಂದು ಟೇಪ್‌ರೆಕಾರ್ಡರು ತಂದೆ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಸಿನಿಮಾ ಬಂದು, ಸಿ. ಅಶ್ವಥ್ ಹಾಡಿದ ಪದಗಳು ಮನೆಮಾತಾಗಿದ್ದ ಕಾಲ ಅದು. ಮದುವೆಯಾಗಿ ಸವಣೂರಿಗೆ ಬಂದಾಗ ಆ ಟೇಪೂ ನನ್ನ ಜೊತೆಗೆ ಬಂತು. ಬಂದ ವಾರದೊಳಗೆ ಪಡಸಾಲೆಯ ಮಾಡು ಸೇರಿತು. ಯಾರೂ ಕಸಿದುಕೊಳ್ಳಲಿಲ್ಲ, ಆ ಮನೆಯಲ್ಲಿ ಅದರ ಜಾಗ ಅದಾಗಿತ್ತು, ಅಷ್ಟೆ.

ಈಗ ನಾನಿರುವ ಶಿಗ್ಗಾವಿ ತಾಲೂಕಿನಲ್ಲೇ ಷರೀಫರ ಶಿಶುನಾಳ ಇದೆ. 1819ರಲ್ಲಿ ಹುಟ್ಟಿದ ಅವರು ಕೆಲಕಾಲ ನನ್ನ ಹಾಗೆಯೇ ಶಾಲೆಯಲ್ಲಿ ಕಲಿಸಿದವರು. ಅವರ ಪದಗಳಿಗೆ ಏಕತಾರಿ, ದಮ್ಮಡಿ ಸಾಕಿದ್ದವು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಷರೀಫರ ಗುಡಗುಡಿಯ ಪದವನ್ನು ಗಿಟಾರು, ಡ್ರಮ್ಮುಗಳೊಂದಿಗೆ ರಾಕ್ ಧಾಟಿಯಲ್ಲಿ ಹಾಡಿದರು. ಮಗ ಅದನ್ನು ಫೋನಿನಲ್ಲಿ ಕೇಳಿಸಿದ. ಡಬ್ಬಿಯಲ್ಲಿ ಕಾಳು ಹಾಕಿ ಅಲುಗಿಸಿದಂತಿತ್ತು. ಅದನ್ನೇ ಅವನ ಗೆಳೆಯನ ಮನೆಯ ದೊಡ್ಡ ಸ್ಪೀಕರಿನಲ್ಲಿ ಕೇಳಿದಾಗ ನೆಲದಿಂದ ಅಂಗಾಲಿಗೆ ತಾಳ ಹತ್ತಿತು. ಷರೀಫರ ಪದಕ್ಕೆ ಇಂಥ ಗುಡುಗೂ ಒಪ್ಪುತ್ತದಲ್ಲ ಎನ್ನಿಸಿತು. ಬಾಕಿ ವೇತನ ಬಂದಾಗ ನಾನೊಂದು ಜೋಡಿ ಸ್ಪೀಕರು ಕೊಳ್ಳುವುದೆಂದು ನಿಶ್ಚಯಿಸಿದೆ.

ಹುಬ್ಬಳ್ಳಿಯ ಅಂಗಡಿಯಲ್ಲಿ ಮೊದಲ ಪ್ರಶ್ನೆ, “ಸಾಹೇಬ್ರು ಬಂದಿಲ್ಲೇನ್ರೀ ಮೇಡಂ?” ಎಂದು. “ಕಿವಿ ನಾನs ತಂದೇನ್ರೀ,” ಎಂದೆ.

ಬೆಳ್ಳಿ ಬಂಗಾರ ಕೊಳ್ಳುವಾಗ ಒರೆಗೆ ಹಚ್ಚುವ ನಾವು ಇಲ್ಲಿಯೂ ಹಾಗೇ ಮಾಡಬೇಕು. ಸ್ಪೀಕರೆಂದರೆ ಸುರುಳಿ, ಅಯಸ್ಕಾಂತ, ಅದಕ್ಕಂಟಿದ ಕಾಗದದ ಶಂಕು. ಅಮೆರಿಕದ ರೈಸ್ ಮತ್ತು ಕೆಲಾಗ್ 1925ರಲ್ಲಿ ಹಾಕಿಕೊಟ್ಟ ಕ್ರಮವೇ ಇಂದಿಗೂ ನಡೆದಿದೆ. ಶಂಕು ಗಾಳಿಯನ್ನು ನೂಕಬೇಕು. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲವಷ್ಟೇ ಕಂಪಿಸುತ್ತದೆ. ಅಂಥ ತಗ್ಗಿನ ದನಿಗೆ ಬಹಳ ಗಾಳಿ ಅಲುಗಬೇಕು. ದೊಡ್ಡ ಮೊರ ಬೀಸಿದಷ್ಟು ಗಾಳಿಯನ್ನು ಬೀಸಣಿಕೆ ಬೀಸೀತೆ? ಆದ್ದರಿಂದ ರಾಕ್ ಕೇಳುವವರು ಆರೂವರೆ ಅಥವಾ ಎಂಟು ಇಂಚಿನ ವೂಫರ್ ಇರುವ, ಎತ್ತಿದರೆ ಭಾರವಾಗುವ ಪೆಟ್ಟಿಗೆ ನೋಡಬೇಕು. ತಾರಸ್ಥಾಯಿಗೆ ಟ್ವೀಟರ್ ಬೇರೆಯೇ ಇರಲಿ.

ವ್ಯಾಟಿನ ಅಂಕಿಗೆ ಮರುಳಾಗಬಾರದು. ಒಂದು ಕಾಲದಲ್ಲಿ ಅಂಗೈಯಗಲದ ಪೆಟ್ಟಿಗೆಯ ಮೇಲೂ ‘ಪಿ.ಎಂ.ಪಿ.ಒ.’ ಎಂದು ಸಾವಿರದ ಲೆಕ್ಕ ಬರೆದು ಮಾರುತ್ತಿದ್ದರು. ಕೇಳಬೇಕಾದದ್ದು ‘ಆರ್.ಎಂ.ಎಸ್.’ ಎಷ್ಟು ಎಂದು. ವ್ಯಾಟು ಇಮ್ಮಡಿಯಾದರೂ ಸದ್ದು ಏರುವುದು ಮೂರೇ ಡೆಸಿಬಲ್ಲು. ಕಿವಿಗೆ ಅದು ತುಸುವೇ ಹೆಚ್ಚು.

ನಾನು ಮೂರು ಹಾಡು ಒಯ್ದಿದ್ದೆ: ಗಂಗೂಬಾಯಿ, ಅಶ್ವಥ್, ರಘು ದೀಕ್ಷಿತ್. ಬಾಯಿಪಾಠವಾದ ಹಾಡನ್ನೇ ಒಯ್ಯಬೇಕು. ಅಂಗಡಿಯವರು ಹಚ್ಚುವ ಹಾಡು ಅವರ ಸ್ಪೀಕರನ್ನು ಹೊಗಳುವಂಥದೇ ಆಗಿರುತ್ತದೆ. ಗುಡುಗಿಗೆಂದೇ ತೋರಿಸಿದ ಮೊದಲ ಜೋಡಿಯಲ್ಲಿ ಡ್ರಮ್ಮು ಭರ್ಜರಿಯಾಗಿತ್ತು, ಗಂಗೂಬಾಯಿಯವರ ದನಿ ಮಾತ್ರ ಹಗೇವಿನಿಂದ ಬಂದಂತಿತ್ತು. ಇನ್ನೊಂದರಲ್ಲಿ ಡ್ರಮ್ಮು ಬಿಗಿಯಾಗಿ ಬಡಿದು ತಟ್ಟನೆ ನಿಲ್ಲುತ್ತಿತ್ತು. ಗಂಗೂಬಾಯಿಯವರು ಉಸಿರು ತೆಗೆದುಕೊಂಡದ್ದೂ ಕೇಳಿಸಿತು. ಅದನ್ನೇ ತಂದೆ. ದನಿಯನ್ನು ಕೆಡಿಸುವ ಪೆಟ್ಟಿಗೆ ರಾಕ್‌ಗೂ ಒಳ್ಳೆಯದಲ್ಲ.

ಎರಡು ಸ್ಪೀಕರು ಏಕೆ? ಇಂಗ್ಲೆಂಡಿನ ಬ್ಲೂಮ್‌ಲೈನ್ ಮುಂದೆ ತನ್ನ ಹೆಂಡತಿಯಾಗಲಿದ್ದವಳೊಡನೆ ಸಿನಿಮಾಕ್ಕೆ ಹೋದಾಗ, ನಟ ಪರದೆಯ ಒಂದು ಬದಿಯಲ್ಲಿದ್ದರೆ ಮಾತು ಮತ್ತೊಂದು ಬದಿಯಿಂದ ಬರುತ್ತಿದ್ದುದನ್ನು ಕಂಡು ಇದಕ್ಕೆ ದಾರಿ ಹುಡುಕುವೆನೆಂದನಂತೆ. 1931ರಲ್ಲಿ ಅವನು ಪೇಟೆಂಟಿಗೆ ಹಾಕಿದ ಅರ್ಜಿಯೇ ಸ್ಟೀರಿಯೊದ ಬುನಾದಿ. ಎರಡೂ ಸ್ಪೀಕರಿಗೆ ನಡುವೆ ಇರುವಷ್ಟೇ ದೂರದಲ್ಲಿ, ಟ್ವೀಟರ್ ಕಿವಿಯ ಎತ್ತರಕ್ಕೆ ಬರುವಂತೆ ಕೂತರೆ ಹಾಡುವವರು ಎದುರಿಗೇ ಬರುತ್ತಾರೆ. ಮೂಲೆಗೆ ಒತ್ತಿಟ್ಟರೆ ಬರೀ ಗುಂಯ್‌ಗುಡುತ್ತದೆ. ಬರಿಗೋಡೆ, ಕಲ್ಲುನೆಲ ದನಿಯನ್ನು ತಿರುಗಿ ಎಸೆಯುತ್ತವೆ. ಹಿಂದಿನ ಗೋಡೆಗೆ ಅವ್ವನ ಹಳೆಯ ಕೌದಿ ತೂಗುಹಾಕಿದೆ. ಅರ್ಧ ಗದ್ದಲ ಅದು ನುಂಗಿತು.

ಇಲ್ಲೊಂದು ಮಾತು ಗಮನಿಸಿ. ಸ್ಟೀರಿಯೊ ಕೇಳಲು ಒಂದು ಕಡೆ ಕೂಡಲೇಬೇಕು. ಸೌಟು ಹಿಡಿದು ಓಡಾಡುವವರಿಗೆ ಅದು ದಕ್ಕುವುದಿಲ್ಲ. ಒಳ್ಳೆಯ ಸ್ಪೀಕರಿಗೆ ಹಣ ಹೊಂದಿಸುವುದು ನಮಗೀಗ ಅಷ್ಟು ಕಷ್ಟವಲ್ಲ. ಆ ನಡುವಿನ ಜಾಗದಲ್ಲಿ ಒಂದು ತಾಸು ಕೂತಿರುವುದೇ ಕಷ್ಟ. “ಈ ವಯಸ್ಸಿನಾಗ ರಾಕ್ ಏನವ್ವಾ!” ಎಂದವರಿದ್ದಾರೆ. ಅವರಿಗೂ ಆ ಕುರ್ಚಿಯಲ್ಲಿ ಒಂದು ಹಾಡಿನ ಮಟ್ಟಿಗೆ ಜಾಗ ಕೊಟ್ಟಿದ್ದೇನೆ. ಎದ್ದು ಹೋಗುವಾಗ, “ನಾಳೆ ಬರ್ತೇನ್ರೀ” ಎನ್ನುತ್ತಾರೆ.